ಆದೆಪ್ಪನ ಎಮ್ಮೆಗಳು

ಆದೆಪ್ಪನ ಕೊಟ್ಟಿಗೆಯ ಮೂರೂ ಗೂಟಗಳು ಬರಿದಾಗಿದ್ದವು. ಫಕೀರಮ್ಮ ತನ್ನ ಎಮ್ಮೆಯ ಹಗ್ಗ ಹಿಡಿದು ಬಾಗಿಲಲ್ಲೇ ನಿಂತಳು. ಗುಡ್ಡದ ಹೊಗೆಗೆ ಎಮ್ಮೆ ಕೆಮ್ಮುತ್ತಿದೆ, ಸ್ವಲ್ಪ ಹೊತ್ತು ಒಳಗೆ ಕಟ್ಟಲೇ ಎಂದು ಕೇಳಲು ಬಂದಿದ್ದಳು.

"ಆದೆಪ್ಪಣ್ಣ, ನಿಮ್ಮ ಎಮ್ಮಿ ಎಲ್ಲದಾವ್ರಿ?"

"ಮೇಯಾಕ ಬಿಟ್ಟೀನಿ," ಎಂದ ಆದೆಪ್ಪ. ಅಂದ ಮೇಲೆ ತಾನೇ ಗುಡ್ಡದ ಕಡೆ ನೋಡಿದ. ಮೇಯುವ ಹುಲ್ಲೆಲ್ಲ ಅಲ್ಲಿ ಉರಿಯುತ್ತಿತ್ತು.

ಮೂವತ್ತು ವರ್ಷ ಕಾಡು ಕಾಯ್ದವನು ಅವನು. ಬೆಂಕಿ ಬಿದ್ದಾಗ ಊರು ಬಿಡಬೇಕೋ ಬೇಡವೋ ಎಂದು ಜನ ಕೇಳುತ್ತಿದ್ದುದು ಅವನನ್ನೇ. ಹೋದ ವರ್ಷ ಅವನ ಮಾತಿಗೆ ಎಲ್ಲರೂ ಗಂಟುಮೂಟೆ ಕಟ್ಟಿ ಹೊರಟರೆ, ಬೆಂಕಿ ಅರ್ಧ ಗುಡ್ಡದಲ್ಲೇ ಆರಿಹೋಗಿತ್ತು. ಆಗ ಊರು ನಕ್ಕಿದ್ದು ಅವನ ಕಿವಿಯಲ್ಲಿ ಇನ್ನೂ ಇತ್ತು. ಅದಕ್ಕೇ ಇವತ್ತು ಬೆಳಿಗ್ಗೆ ಕಟ್ಟೆಯ ಮೇಲೆ ಕೂತು, "ಬೆಂಕಿ ಹಳ್ಳ ದಾಟಂಗಿಲ್ಲ, ಸುಮ್ನ ಕುಂದರ್ರಿ," ಎಂದು ಎಲ್ಲರಿಗೂ ಹೇಳಿದ್ದ. ತನ್ನ ಎಮ್ಮೆಗಳನ್ನು ಮಾತ್ರ ನಸುಕಿನಲ್ಲೇ ಗಾಡಿ ಹತ್ತಿಸಿ ತಾವರಗೇರಾಕ್ಕೆ, ಮಗಳ ಮನೆಗೆ ಕಳಿಸಿಬಿಟ್ಟಿದ್ದ.

ಫಕೀರಮ್ಮ ಬೈಯಲಿಲ್ಲ. "ಹಳ್ಳ ದಾಟಂಗಿಲ್ಲ ಅಂತ ನಿಮ್ಮ ಎಮ್ಮಿಗೆ ಹೇಳಲಿಲ್ಲೇನ್ರಿ?" ಎಂದಳಷ್ಟೇ. ಆದೆಪ್ಪ ಹೆಗಲ ಮೇಲಿನ ವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡ, ಹೊಗೆಗೆ ಎಂಬಂತೆ. ಅವಳು ಎಮ್ಮೆಯನ್ನು ತಿರುಗಿಸಿಕೊಂಡು ಓಣಿಯುದ್ದಕ್ಕೂ ಕೂಗುತ್ತ ನಡೆದಳು: "ಏಳ್ರಿ, ಹೊಂಡ್ರಿ! ಆದೆಪ್ಪನ ಎಮ್ಮಿ ಆಗಲೇ ಊರು ಬಿಟ್ಟಾವ!"

ಬಾಗಿಲುಗಳು ತೆರೆದವು. ಹೊರಡೋಣವೇ ಎಂದು ಈ ಸಲ ಯಾರೂ ಆದೆಪ್ಪನನ್ನು ಕೇಳಲಿಲ್ಲ.