ಹಿತ್ತಾಳೆಯ ಬೂಚು

ಮೋಟಾರಿನ ಹೊಟ್ಟೆಯ ಕೆಳಗಿನ ಬೂಚು ಬಿಚ್ಚಿದಾಗ ಕರಿ ಎಣ್ಣೆ ಮೊದಲು ಮುರಿಗೆಪ್ಪನ ಮೊಣಕೈಗೆ ಇಳಿಯಿತು, ಆಮೇಲೆ ಬೋಗುಣಿಗೆ. ಇಂಜಿನ್ನಿನ ಎಣ್ಣೆಯನ್ನು ಅವನು ತಾನೇ ಬದಲಿಸುತ್ತಿದ್ದುದು ಇದೇ ಮೊದಲು. ಇಷ್ಟು ದಿನ ಅದನ್ನೆಲ್ಲ ನೋಡಿಕೊಳ್ಳುತ್ತಿದ್ದ ಡ್ರೈವರ್ ಮೌಲಾಅಲಿ ಮಿಲಿಟರಿಯ ಲಾರಿ ಹೊಡೆಯಲು ಯುದ್ಧಕ್ಕೆ ಹೋಗಿ ಎರಡು ತಿಂಗಳಾಗಿತ್ತು. ಹೋಗುವ ಮುಂಚೆ ಒಂದೊಂದೇ ಬೆರಳು ಮಡಚಿ ಹೇಳಿಕೊಟ್ಟಿದ್ದ: “ಬೂಚ ತಗೀರಿ. ಕಡೀ ಹನಿ ಮಟಾ ಸೋರ್ಲಿ. ಬೂಚ ಹಾಕ್ರಿ. ಆಮ್ಯಾಲ ಹೊಸಾದ ಸುರವ್ರಿ.”

ಅವತ್ತು ಸೋಮವಾರ, ಬಸವಣ್ಣನ ವಾರ. ತುಕ್ಕಾನಟ್ಟಿಯಲ್ಲಿ ಆ ದಿನ ಯಾರೂ ಎತ್ತು ಹೂಡುವುದಿಲ್ಲ; ಈಗ ತಾನೇ ಓಡಿಸುತ್ತಿದ್ದ ಮೋಟಾರನ್ನೂ ಮುರಿಗೆಪ್ಪ ಹೊರಡಿಸುತ್ತಿರಲಿಲ್ಲ. ಅದಕ್ಕೇ ಈ ಕೆಲಸಕ್ಕೆ ಆ ದಿನ ಆರಿಸಿದ್ದ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಮಗಳು ಗೌರವ್ವನ ಹೊಟ್ಟೆಯಲ್ಲಿ ಕೂಸು ಅಡ್ಡ ಇದೆ, ನೋವು ಶುರುವಾದ ಕೂಡಲೇ ಗೋಕಾವಿ ದವಾಖಾನೆಗೆ ತರಬೇಕು ಎಂದು ಡಾಕ್ಟರು ಹೇಳಿದ್ದರು. ದಿನ ತುಂಬಲು ಇನ್ನೂ ಹದಿನೈದು ದಿನವಿತ್ತು. ಆ ಹನ್ನೆರಡು ಮೈಲಿನ ದಾರಿಯಲ್ಲಿ ಮೋಟಾರು ಕೈಕೊಡಬಾರದು. ಸಂಕೇಶ್ವರದಿಂದ ಪರ್ಮಿಟ್ಟಿನ ಮೇಲೆ ತಂದ ಒಂದೇ ಒಂದು ಎಣ್ಣೆ ಡಬ್ಬಿ ಗಾಲಿಯ ಬದಿಗಿತ್ತು. ಅದರ ಪಕ್ಕದಲ್ಲೇ ಬಿಚ್ಚಿದ ಬೂಚನ್ನೂ ಇಟ್ಟ.

ಹೊಸ ಎಣ್ಣೆ ಸುರುವಲು ಅವನ ಬಳಿ ಲಾಳಿಕೆ ಇರಲಿಲ್ಲ. ಎತ್ತಿಗೆ ಔಷಧ ಕುಡಿಸುವ ಬಿದಿರಿನ ಗೊಟ್ಟವನ್ನೇ ತೊಳೆದಿಟ್ಟುಕೊಂಡಿದ್ದ. ಕಟ್ಟೆಯ ಮೇಲೆ ಕೂತಿದ್ದ ಗೌರವ್ವನಿಗೆ ನಗು ತಡೆಯಲಿಲ್ಲ.

“ಅಪ್ಪಾ, ಗೊಟ್ಟಾ ಹಾಕೂ ಮುಂದ ಮೂಗದಾರ ಹಿಡ್ಯಾಕ ಒಬ್ಬರು ಬೇಕಲ್ಲ. ನಾ ಬರ್ಲೇನು?”

“ನೀ ಅಲ್ಲೇ ಸುಮ್ ಕುಂಡ್ರವಾ. ನಿನ್ನ ಸಲುವಾಗೇ ಇದಕ್ಕ ಜುಲಾಬ ಕೊಡಾಕತ್ತೇನಿ.”

ಹಳೆಯ ಎಣ್ಣೆ ಗೆದ್ದಲಿಗೆ ಮದ್ದು ಎಂಬ ಸುದ್ದಿ ಓಣಿಗೆಲ್ಲ ಹಬ್ಬಿತ್ತು. ಎದುರುಮನೆಯ ಕಾಶೆವ್ವ ಗಡಿಗೆ ಹಿಡಿದು ಎಲ್ಲರಿಗಿಂತ ಮುಂಚೆ ಬಂದಳು. “ಮುರಿಗೆಪ್ಪಣ್ಣಾ, ಗೆದ್ದಲಿ ಹತ್ತಿ ನಮ್ಮ ಬಾಗಿಲಾ ಅರ್ಧಾ ಹೋಗೇತಿ. ನಿಮ್ಮ ಮೋಟಾರದ ಎಂಜಲರ ಹಚ್ಚಿ ನೋಡೂನು.” ಮಧ್ಯಾಹ್ನದೊಳಗೆ ಬೋಗುಣಿ ಬರಿದಾಯಿತು. ಇನ್ನೂ ಬೀಳುತ್ತಿದ್ದ ಕಡೆಯ ಹನಿಗಳಿಗೆ ಒಂದು ಗೋಣಿತಟ್ಟು ಹಾಸಿ, ಮುರಿಗೆಪ್ಪ ಕೈ ತೊಳೆಯಲು ಬಾವಿಗೆ ಹೋದ.

ಅವನ ಹೆಂಡತಿ ಶಿವವ್ವ ಅಂಗಳದಲ್ಲಿ ದೇವರ ಪಾತ್ರೆಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಗಾಲಿಯ ಬದಿ ಕರ್ರಗೆ ಕೂತಿದ್ದ ಹಿತ್ತಾಳೆಯ ಬೂಚು ಕಣ್ಣಿಗೆ ಬಿತ್ತು. ಮಗಳನ್ನು ಹೊತ್ತೊಯ್ಯುವ ಮೋಟಾರಿನ ಬೂಚು. ಆರತಿಯ ಜೊತೆ ಅದನ್ನೂ ತಿಕ್ಕಿದಳು. ಬಂಗಾರದಂತೆ ಹೊಳೆದಾಗ ಒಳಗೆ ಒಯ್ದು, ದೇವರ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿದಳು. ಕೈ ಮುಗಿದು ತಿರುಗುವಷ್ಟರಲ್ಲಿ ಹೊರಗೆ ಗೌರವ್ವ ಚೀರಿದಳು.

ಸೂಲಗಿತ್ತಿ ಸುಲ್ತಾನಾಬಿ ಬಂದು ಹೊಟ್ಟೆ ಮುಟ್ಟಿ ನೋಡಿದಳು. ಹೊರಗೆ ಬಂದಾಗ ಅವಳ ಮುಖದಲ್ಲಿ ಕಳೆ ಇರಲಿಲ್ಲ. “ಕಾಕಾ, ಇದು ನನ್ನ ಕೈಲೆ ಆಗೂದಲ್ಲ. ಗೋಕಾವಿಗಿ ಒಯ್ಯೂನು. ಈಗಿಂದೀಗ.”

ಮುರಿಗೆಪ್ಪ ಮೋಟಾರಿನತ್ತ ಓಡಿದ. ಗಾಲಿಯ ಬದಿ ನೋಡಿದ, ಬೂಚು ಇರಲಿಲ್ಲ. ಹಾಗಾದರೆ ಅದನ್ನು ಹಾಕಿಯೇ ಬಾವಿಗೆ ಹೋಗಿದ್ದೆ ಅಂದುಕೊಂಡ. ಗೊಟ್ಟ ಇಟ್ಟು ಡಬ್ಬಿಯನ್ನು ಪೂರ್ತಿ ಸುರುವಿದ. ಇಂಜಿನ್ನು ತಿರುಗಿಸುವ ಹ್ಯಾಂಡಲ್ ಹಿಡಿದು ಮೋಟಾರಿನ ಮುಂದೆ ಬಂದಾಗ ಅಂಗಾಲಿಗೆ ತಣ್ಣಗೆ ತಾಗಿತು. ಬಗ್ಗಿ ನೋಡಿದ. ಜೇನಿನ ಬಣ್ಣದ ಎಣ್ಣೆ ಗೋಣಿತಟ್ಟು ದಾಟಿ ಅಂಗಳದ ಮಣ್ಣಿಗೆ ಇಳಿಯುತ್ತಿತ್ತು. ಹಳೆಯ ಎಣ್ಣೆ ಆಗಲೇ ಓಣಿಯ ಬಾಗಿಲುಗಳ ಮೇಲಿತ್ತು.

ಗಾಡಿ ಹೂಡಿದ. ಸೋಮವಾರ ನೊಗ ಕಂಡು ಎತ್ತುಗಳು ಹಿಂದಕ್ಕೆ ಸರಿದವು. ಎಂದೂ ಅವುಗಳ ಮೇಲೆ ಕೈ ಎತ್ತದವನು ದಾರಿಯುದ್ದಕ್ಕೂ ಬಾರಿಸಿದ. ಗೋಕಾವಿ ಇನ್ನೂ ನಾಲ್ಕು ಮೈಲಿರುವಾಗ ಹಿಂದೆ ಗೌರವ್ವನ ನರಳಾಟ ನಿಂತಿತು. ಸುಲ್ತಾನಾಬಿ ಮುಂದೆ ಬಾಗಿ, ಬಾರುಕೋಲು ಹಿಡಿದ ಅವನ ಕೈ ಮೇಲೆ ಕೈಯಿಟ್ಟಳು.

“ಕಾಕಾ, ಇನ್ನ ಎತ್ತ ಹೊಡೀಬ್ಯಾಡ್ರಿ.”

ಮಣ್ಣು ಮಾಡಿ ಬಂದ ಮೂರನೆಯ ದಿನ ಮುರಿಗೆಪ್ಪ ಸಾಣಿಗೆ ಹಿಡಿದು ಅಂಗಳದಲ್ಲಿ ಕೂತ. ಎಣ್ಣೆ ಕುಡಿದ ಮಣ್ಣನ್ನು ಬೊಗಸೆ ಬೊಗಸೆಯಾಗಿ ಸಾಣಿಸಿದ. ದೇವರ ಜಗಲಿಯ ಕಡೆ ಅವನು ಸೋಮವಾರದಿಂದ ಹೋಗಿರಲಿಲ್ಲ. ಶಿವವ್ವ ಬಾಗಿಲಲ್ಲಿ ನಿಂತಿದ್ದಳು.

“ಇಲ್ಲೇ ಇಟ್ಟಿದ್ನಿ,” ಅಂದ, ತಲೆ ಎತ್ತದೆ. “ಕಣ್ಣಿಗೆ ಬಿದ್ದಿದ್ರ ಕೈ ತಾನ ಹಾಕತಿತ್ತು. ಕಾಣಲಿಲ್ಲಂತನ ಹಾಕೇನಿ ಅಂತ ತಿಳದ್ನಿ. ಎಲ್ಲಿ ಒಗದ್ನೋ ಏನೋ, ಪಾಪಿ. ನೀ ಏನರ ನೋಡಿದೇನು?”

ಅವಳ ಟೊಂಕದ ಚಂಚಿಯಲ್ಲಿ, ಎಲೆ ಅಡಿಕೆಯ ನಡುವೆ ಬೂಚು ಇತ್ತು. ಅದಕ್ಕೆ ಹಚ್ಚಿದ ವಿಭೂತಿ ಇನ್ನೂ ಪೂರ್ತಿ ಅಳಿಸಿರಲಿಲ್ಲ.

“ಇಲ್ರಿ,” ಅಂದಳು.

ಒಳಗೆ ಹೋಗಿ ಇನ್ನೊಂದು ಸಾಣಿಗೆ ತಂದು, ಅವನ ಎದುರು ಕೂತು ತಾನೂ ಮಣ್ಣು ಸಾಣಿಸತೊಡಗಿದಳು.