ಬೇಯುವ ತಿಪ್ಪೆ

"ಬೆಂಕಿ! ಹನುಮಮ್ಮನ ತಿಪ್ಪಿಗೆ ಬೆಂಕಿ ಬಿದ್ದೈತಿ, ಓಡಿ ಬರ್ರೋ!"

ಎರ್ರಣ್ಣನ ಕೂಗಿಗೆ ಸಿರಿಗೇರಿಯ ಅರ್ಧ ಓಣಿ ಕೊಡ, ಬಕೆಟ್ಟು ಹಿಡಿದು ಓಡಿ ಬಂತು. ಡಿಸೆಂಬರಿನ ಚಳಿ. ಎದೆಯೆತ್ತರದ ತಿಪ್ಪೆಯ ನೆತ್ತಿಯಿಂದ ಬೆಳ್ಳಗೆ ಏನೋ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಹತ್ತು ಹೆಜ್ಜೆ ಆಚೆ ಎರ್ರಣ್ಣನ ಬಣವೆ, ಅವನ ಆರು ಎಮ್ಮೆಗಳ ವರ್ಷದ ಮೇವು.

ಕೊಯ್ಲಿನ ಯಂತ್ರ ಬಿಟ್ಟುಹೋದ ಭತ್ತದ ಹುಲ್ಲನ್ನು ಊರವರೆಲ್ಲ ಗದ್ದೆಯಲ್ಲೇ ಸುಡುವಾಗ ಹನುಮಮ್ಮ ಅದನ್ನು ಕೇಳಿ ತಂದು, ಮನೆಮನೆಯ ಸಗಣಿ ಹೊತ್ತು, ಒಂದರ ಮೇಲೊಂದು ಪದರ ಒಟ್ಟಿದ್ದಳು. ಗುತ್ತಿಗೆ ಹಿಡಿದ ಒಂದೂವರೆ ಎಕರೆ ಮೆಣಸಿನ ಹೊಲಕ್ಕೆ ಮುಂದಿನ ಸಲ ಇದೇ ಗೊಬ್ಬರ ಎಂದು ಅವಳ ಹಟ. ಈಗ ತಿಪ್ಪೆಗೆ ಬೆನ್ನು ಕೊಟ್ಟು ಕೈ ಅಗಲಿಸಿ ನಿಂತಳು.

"ಯಾರೂ ನೀರು ಹಾಕಬ್ಯಾಡ್ರಿ! ಅದು ಹಬಿ. ಒಳಗ ಬೇಯಾಕತ್ತೈತಿ. ನೀರು ಹೆಚ್ಚಾತಂದ್ರ ಎಲ್ಲಾ ಕೊಳತು ನಾರತೈತಿ."

"ಒಲಿ ಇಲ್ಲದ ಹೆಂಗ ಬೇಯತೈತಿ?" ಎರ್ರಣ್ಣ ಸಲಿಕೆ ಹಾಕಿ ಒಂದು ಮಗ್ಗುಲು ಎಳೆದ. ಒಳಗಿನ ಹುಲ್ಲಿನ ಮೈಗೆಲ್ಲ ಬಿಳಿ ಪುಡಿ. "ಬೂದಿ! ನೋಡ್ರಿ, ಬೂದಿ! ನನ್ನ ಬಣವಿ ಉಳಿಯಂಗಿಲ್ಲ!"

ಗುಂಪಿನ ಮುಂದೆ ತುಂಬಿದ ಕೊಡ ಎತ್ತಿ ನಿಂತವನು ಅವಳ ಗಂಡ ಸುಂಕಣ್ಣ.

"ನೀನೂ ಸುರೀತೀಯೇನು?"

"ಬಣವಿ ಸುಟ್ಟು ಹೋದ್ರ ಊರಾಗ ಹೆಂಗ ಬಾಳೋದು?" ಅವನು ಕೊಡ ಇಳಿಸಲಿಲ್ಲ.

ಹನುಮಮ್ಮ ಸೆರಗು ಸಿಕ್ಕಿಸಿ, ಹಬೆ ಏಳುವಲ್ಲಿ ಬಲಗೈಯನ್ನು ಮೊಣಕೈವರೆಗೆ ತೂರಿಸಿದಳು. ಹೆಂಗಸರು ಚೀರಿದರು. ಆಗತಾನೇ ಒಲೆಯಿಂದ ಇಳಿಸಿದ ನುಚ್ಚಿನಂಥ ಬಿಸಿ. ಹಲ್ಲು ಕಚ್ಚಿ ಒಂದು ಹಿಡಿ ಕಿತ್ತು ತೆಗೆದಳು. ಕೈ ಕೆಂಪಾಗಿತ್ತು, ಸುಟ್ಟಿರಲಿಲ್ಲ. ಬಿಳಿ ಪುಡಿಯನ್ನು ಅಂಗೈಯಲ್ಲಿ ತಿಕ್ಕಿ ಎಲ್ಲರಿಗೂ ಕಾಣುವಂತೆ ಹಿಡಿದಳು.

"ಬೂದಿ ಹಿಂಗ ಹಸಿ ಇರತೈತೇನು? ಇದು ಬೂಷ್ಟು. ಹುಲ್ಲು ತಿಂದು ಗೊಬ್ಬರ ಮಾಡತೈತಿ. ಬಾ ಯಣ್ಣಾ, ನೀನೂ ಕೈ ಹಾಕು."

ಎಲ್ಲರ ಕಣ್ಣೂ ಎರ್ರಣ್ಣನ ಮೇಲೆ. ಅವನು ಎರಡು ಬೆರಳು ಇಳಿಸಿದ, ಆಮೇಲೆ ಮಣಿಕಟ್ಟು. ತಟ್ಟನೆ ಎಳೆದುಕೊಂಡು ಕೈಗೆ ಊದಿದ, ಮೂಸಿದ, ಕೊನೆಗೆ ನಕ್ಕುಬಿಟ್ಟ.

"ಇದರವ್ವನ, ಖರೇನ ಬೇಯಾಕತ್ತೈತಿ!"

ಸುಂಕಣ್ಣ ಕೊಡ ಕೆಳಗಿಟ್ಟ. ಆಮೇಲೆ ಕೈ ಹಾಕಿ ನೋಡಲು ಎಲ್ಲರಿಗೂ ಆತುರ. ಇಬ್ಬರು ಮುದುಕರಂತೂ ಚಳಿ ಕಾಸುತ್ತ ಅಲ್ಲೇ ಕೂತರು.

ಯುಗಾದಿಗೆ ತಿಪ್ಪೆ ಮೊಣಕಾಲೆತ್ತರಕ್ಕೆ ಇಳಿದು ಚಹಾಪುಡಿಯಂತೆ ಕಪ್ಪಗೆ, ಉದುರುದುರಾಯಿತು. ಮಳೆಗಾಲದಲ್ಲಿ ಅವಳ ಮೆಣಸಿನ ಗಿಡ ನೋಡಲು ರೂಪನಗುಡಿಯಿಂದಲೂ ಜನ ಬಂದರು. ಕಾಯಿಯ ಭಾರಕ್ಕೆ ಟೊಂಗೆಗಳು ನೆಲ ಮುಟ್ಟಿದ್ದವು.

ಮತ್ತೆ ಭತ್ತದ ಕೊಯ್ಲು ಮುಗಿಯಿತು. ಯಾರ ಗದ್ದೆಗೆ ಮೊದಲು ಹೋಗಿ ಹುಲ್ಲು ಕೇಳಲಿ ಎಂದುಕೊಳ್ಳುತ್ತ ಹನುಮಮ್ಮ ಬೆಳಿಗ್ಗೆ ಬಾಗಿಲು ತೆಗೆದಳು. ಹೊಸ್ತಿಲಿನಿಂದ ಓಣಿಯ ತಿರುವಿನವರೆಗೂ ಹುಲ್ಲು ಹೇರಿದ ಟ್ರ್ಯಾಕ್ಟರುಗಳು. ಮೊದಲನೆಯದರ ಮೇಲಿಂದ ಎರ್ರಣ್ಣ ಕೂಗಿದ:

"ಎಲ್ಲಿ ಇಳಸಲಿ, ಹನುಮಮ್ಮ? ಲಗೂನ ಹೇಳು, ಹಿಂದಿನವರು ಬೈಯಾಕತ್ತಾರ!"