ಎರಡು ಗೇಣು

ಮನೆಯೊಳಗೆ ಯಾರಾದರೂ ಗುಟ್ಟಾಗಿ ಅತ್ತರೆ ಗೋಡೆಗಳು ಒಳಕ್ಕೆ ಸರಿಯುತ್ತಿದ್ದ ಊರದು. ಬಾಡಿಗೆಗೆ ಕೊಟ್ಟ ಕಟ್ಟಡ ಒಂದು ಗೇಣು ಕುಗ್ಗಿದರೂ ಮಾಲೀಕರ ಪರವಾನಗಿ ರದ್ದಾಗುತ್ತಿತ್ತು. ಹಾಗಾಗಿ ಇಂದ್ರಾಣಮ್ಮನಿಗೆ ಮಹಡಿಯಲ್ಲಿ ಬಾಡಿಗೆಗಿದ್ದ ನರ್ಸ್ ಫಿಲೋಮಿನಾಳ ಮೇಲೆ ವರ್ಷವಿಡೀ ಗುಮಾನಿ. ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಅವಳ ಕಣ್ಣು ಕೆಂಪಗಿದೆಯೇ ಎಂದು ನೋಡುತ್ತಿದ್ದರು.

ತಪಾಸಣೆಯ ದಿನ ಇನ್‌ಸ್ಪೆಕ್ಟರ್ ಟೇಪು ಹಿಡಿದು ಮಹಡಿಯನ್ನೆಲ್ಲ ಅಳೆದ. "ಇಲ್ಲೇನೂ ಕಮ್ಮಿಯಾಗಿಲ್ಲಮ್ಮ."

"ಸರಿಯಾಗಿ ನೋಡಿದ್ರಾ? ಈ ಹುಡುಗಿ ಬಾಯೇ ಬಿಡಲ್ಲ."

"ಡ್ಯೂಟಿಯಿಂದ ಬಂದ್ರೆ ನಿದ್ದೆ ಎಳೆಯುತ್ತೆ ಆಂಟಿ, ಅಳೋಕೆಲ್ಲಿ ಪುರುಸೊತ್ತು?" ಎಂದಳು ಫಿಲೋಮಿನಾ.

ಇಡೀ ಕಟ್ಟಡ ಅಳೆಯಬೇಕೆಂಬುದು ನಿಯಮ. ಕೆಳಗೆ ಇಂದ್ರಾಣಮ್ಮನ ನಡುಮನೆಯೇ ಎರಡು ಗೇಣು ಕಿರಿದಾಗಿತ್ತು.

"ಇಲ್ಲಿ ಯಾರ್ಯಾರಿರ್ತೀರಿ?" ಇನ್‌ಸ್ಪೆಕ್ಟರ್ ಕೇಳಿದ.

"ನಾನು, ನಮ್ಮನೆಯವರು. ಇಬ್ಬರೇ."

ತಾವಂತೂ ಅತ್ತಿರಲಿಲ್ಲ. ಇಂದ್ರಾಣಮ್ಮ ತಿರುಗಿ ನೋಡಿದರು. ನಿವೃತ್ತಿಯಾದಾಗಿನಿಂದ ಮಾತು ಕಡಿಮೆ ಮಾಡಿದ್ದ ಗಂಡ ರಂಗಸ್ವಾಮಿ, ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದುಕೊಂಡರು. ಆಕೆ ಹೋಗಿ ಅದನ್ನು ಮೆಲ್ಲಗೆ ಕೆಳಗಿಳಿಸಿದರು.

"ಯಾವಾಗ್ರೀ ಅಳ್ತೀರಿ?"

"ನೀನು ಮಾರ್ಕೆಟ್ಟಿಗೆ ಹೋದಾಗ," ಎಂದರು ಅವರು.